ಒಳಕೋಣೆಯಿಂದ ವಿಶ್ವವಾರ್ತೆ

ಬೆಳಿಗ್ಗೆ ಕಾಫಿ ಲೋಟ ಕೈಗೆ ಬಂದ ಕೂಡಲೇ ನನಗೀಗ ಅಮೆರಿಕ ಬೇಕು. ಮೊಮ್ಮಗಳು ತನ್ನ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಆ ಹಾಸ್ಯದ ಕಾರ್ಯಕ್ರಮ ಹಾಕಿಕೊಡುತ್ತಾಳೆ. ಸೂಟು ತೊಟ್ಟವನೊಬ್ಬ ಮೇಜಿನ ಹಿಂದೆ ಕೂತು ಅವತ್ತಿನ ಸುದ್ದಿ ಓದುತ್ತಾನೆ. ಒಂದೊಂದು ಸುದ್ದಿಗೂ ಒಂದೊಂದು ಕೊಂಕು. ತಮ್ಮ ದೇಶದ ಅಧ್ಯಕ್ಷರನ್ನೇ ಬಿಡುವುದಿಲ್ಲ, ಇನ್ನು ಉಳಿದವರ ಪಾಡೇನು! ಅವರಿಗದು ಮಲಗುವ ಹೊತ್ತಿನ ಕಾರ್ಯಕ್ರಮ, ಜಯನಗರದ ನಮಗೆ ಹಾಲು ಉಕ್ಕುವ ಹೊತ್ತಿನದು.

"ಅಜ್ಜಿ, ಅರ್ಥ ಆಗ್ತಿದ್ಯಾ? ಸಬ್‌ಟೈಟಲ್ ಹಾಕ್ಲಾ?" ಎಂದು ಅವಳು ಮೊನ್ನೆ ಕೇಳಿದಳು.

"ಸಬ್‌ಟೈಟಲ್ ನಿಮ್ಮಪ್ಪಂಗೆ ಹಾಕು. ಈ ಕೆಲಸಾನ ಇವನಿಗಿಂತ ಚೆನ್ನಾಗಿ ಮಾಡೋಳು ನಮ್ಮನೇಲೇ ಇದ್ಲು. ಮೇಜೂ ಇರ್ಲಿಲ್ಲ, ಸೂಟೂ ಇರ್ಲಿಲ್ಲ. ಒಳಕೋಣೆ ಬಾಗಿಲ ಹಿಂದೆ ಕೂತು ಓದ್ತಿದ್ಲು," ಎಂದೆ.

ಅವಳು ನಂಬಲಿಲ್ಲ. ಈಗಿನ ಮಕ್ಕಳಿಗೆ ವಿಡಿಯೋ ಇಲ್ಲದ್ದೆಲ್ಲ ನಡೆದೇ ಇಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಅದು ಅರವತ್ತನೇ ಇಸವಿಯ ದಸರೆ. ನಾನು ಆಗಷ್ಟೇ ಕಾಲೇಜು ಸೇರಿದ್ದೆ. ಜಯನಗರದ ಮೂರನೇ ಬ್ಲಾಕಿನಲ್ಲಿ ನಾವು ಮನೆ ಕಟ್ಟಿಸಿಕೊಂಡು ಬಂದು ಎರಡು ಮಳೆಗಾಲ ಕಳೆದಿತ್ತು. ಬಸವನಗುಡಿಯ ನೆಂಟರು ನಮ್ಮನ್ನು ಕಾಡು ಸೇರಿದವರೆಂದೇ ತಿಳಿದಿದ್ದರು. ಅದರಲ್ಲಿ ತಪ್ಪೂ ಇರಲಿಲ್ಲ. ಹಿತ್ತಲ ಗೋಡೆಯಾಚೆ ರಾಗಿ ಹೊಲ, ಅದರಾಚೆ ಯಡಿಯೂರು. ಮುಸ್ಸಂಜೆಗೆ ನರಿ ಕೂಗಿದರೆ ನಮ್ಮಮ್ಮ ಸೊಪ್ಪು ಸೋಸುತ್ತಲೇ "ಬಂದ್ರು ನೋಡು ನೆಂಟರು" ಎನ್ನುತ್ತಿದ್ದಳು. ಆ ವರ್ಷ ಉತ್ತರೆ ಮಳೆ ಬಿಟ್ಟೂಬಿಡದೆ ಹಿಡಿದಿತ್ತು. ರಸ್ತೆಗೆ ಹೆಸರಿತ್ತೇ ಹೊರತು ಡಾಂಬರು ಇರಲಿಲ್ಲ. ಗೊಂಬೆ ನೋಡಲು ಬರುವ ಹೆಂಗಸರೆಲ್ಲ ಒಂದು ಕೈಯಲ್ಲಿ ಕುಂಕುಮದ ಬಟ್ಟಲು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಕೆಸರು ದಾಟಿ ಬರುತ್ತಿದ್ದರು.

ರುಕ್ಕತ್ತೆ ಅಪ್ಪನ ತಂಗಿ. ಹೆಸರು ರುಕ್ಮಿಣಿ. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ವಿಷಮಶೀತ ಜ್ವರದಲ್ಲಿ ಹೋದರು. ಆತ ಮೈಸೂರಿನಲ್ಲಿ ಮೇಷ್ಟ್ರು. ಇದ್ದಷ್ಟು ದಿನ ಹೆಂಡತಿಗೆ ಇಂಗ್ಲಿಷ್ ಪತ್ರಿಕೆ ಓದುವುದನ್ನು ಕಲಿಸಿ, ಓದಿದ್ದರ ಮೇಲೆ ಜಗಳವಾಡುವುದನ್ನೂ ಕಲಿಸಿದ್ದರಂತೆ. ಅವರು ಹೋದ ಮೇಲೆ ಅತ್ತೆ ನಮ್ಮ ಮನೆಗೆ ಬಂದಳು. ಓದುವ ಅಭ್ಯಾಸ ಉಳಿಯಿತು, ಜಗಳವಾಡಲು ಜೊತೆ ಇರಲಿಲ್ಲ. ಮಧ್ಯಾಹ್ನ ಅಮ್ಮ ಅಕ್ಕಿ ಆರಿಸುವಾಗ ಎದುರಿಗೆ ಪತ್ರಿಕೆ ಹರಡಿಕೊಂಡು ಅತ್ತೆ ಒಂದೊಂದು ದೇಶವನ್ನೂ ವಿಚಾರಿಸಿಕೊಳ್ಳುತ್ತಿದ್ದಳು. ರಷ್ಯಾದವರು ಹಾಗಂದರು, ಫ್ರಾನ್ಸಿನವರು ಹೀಗಂದರು ಎಂದು ಒಬ್ಬೊಬ್ಬರ ದನಿಯಲ್ಲೂ ಹೇಳಿ ತೋರಿಸುವಳು. ಯಾರ ದನಿಯನ್ನೂ ಅವಳು ಕೇಳಿರಲಿಲ್ಲ, ಎಲ್ಲ ಊಹೆ. ಆದರೂ ಅಮ್ಮ ನಕ್ಕು ನಕ್ಕು ಅಕ್ಕಿಯ ಜೊತೆ ಕಲ್ಲನ್ನೂ ಪಾತ್ರೆಗೆ ಹಾಕಿ, ರಾತ್ರಿ ಊಟದಲ್ಲಿ ಅಪ್ಪನ ಹಲ್ಲಿಗೆ ಸಿಕ್ಕಿಸುತ್ತಿದ್ದಳು.

ಆ ವರ್ಷ ಗೌರಿ ಹಬ್ಬಕ್ಕೆ ತಿಪಟೂರಿನಿಂದ ಶ್ರೀಕಂಠಯ್ಯನವರು ಬಂದರು. ಅತ್ತೆಯ ಗಂಡನ ಅಣ್ಣ, ಅಂದರೆ ಅತ್ತೆಗೆ ಭಾವ. ಕೊಬ್ಬರಿ ವ್ಯಾಪಾರ, ದೊಡ್ಡ ಸಂಸಾರ. ಹೆಂಡತಿಗೆ ಉಬ್ಬಸ, ಮಳೆಗಾಲ ಬಂದರೆ ಹಾಸಿಗೆ ಬಿಟ್ಟು ಏಳುವಂತಿಲ್ಲ. "ನಮ್ಮನೆ ಸೊಸೆ ನಮ್ಮನೇಲಿರೋದು ಲಕ್ಷಣ. ಇಷ್ಟು ದಿನ ನೀವು ನೋಡ್ಕೊಂಡ್ರಿ, ಸಂತೋಷ. ಇನ್ಮೇಲೆ ನಾವು ಕರ್ಕೊಂಡು ಹೋಗ್ತೀವಿ," ಎಂದರು. ನಮ್ಮಪ್ಪನಿಗೆ ಜನ್ಮದಲ್ಲಿ ಯಾರಿಗೂ ಇಲ್ಲ ಅಂದು ಗೊತ್ತಿಲ್ಲ. ಅದರಲ್ಲೂ ಹೆಣ್ಣು ಕೊಟ್ಟ ಕಡೆಯವರಿಗೆ! "ದಸರಾ ಒಂದು ಮುಗೀಲಿ," ಎಂದರು. ವಿಜಯದಶಮಿ ಕಳೆದ ಮರುದಿನ ಅತ್ತೆ ಹೊರಡುವುದೆಂದು ಗೊತ್ತಾಯಿತು.

ಅತ್ತೆಯನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ. ಭಾವನ ಎದುರು ಅವಳು ಬಾಯಿಬಿಟ್ಟು ಮಾತನಾಡಿದವಳೇ ಅಲ್ಲ. ಏನಿದ್ದರೂ ಬಾಗಿಲ ಹಿಂದೆ ನಿಂತು ಅಮ್ಮನ ಮೂಲಕ. ತಿಪಟೂರಿನ ಆ ಮನೆಯಲ್ಲಿ ರೇಡಿಯೋ ಇರಲಿಲ್ಲ, ಪತ್ರಿಕೆ ಅಂಗಡಿಗೆ ಬಂದು ಅಲ್ಲೇ ಪೊಟ್ಟಣವಾಗುತ್ತಿತ್ತು. ದಿನಕ್ಕೆ ಎರಡು ಪಂಕ್ತಿಯ ಅಡುಗೆ ಇತ್ತು. ಅತ್ತೆ ಎರಡು ದಿನ ಪತ್ರಿಕೆ ಮುಟ್ಟಲಿಲ್ಲ. ಮೂರನೆಯ ದಿನ ಮುಟ್ಟಿದಳು, ಯಾಕೆಂದರೆ ಅಷ್ಟು ಹೊತ್ತಿಗೆ ಪ್ರಪಂಚದ ನಾಯಕರೆಲ್ಲ ನ್ಯೂಯಾರ್ಕಿಗೆ ಹೊರಡುವ ಸುದ್ದಿ ಬಂದಿತ್ತು.

ಈಗಿನವರಿಗೆ ಅದನ್ನು ಬಿಡಿಸಿ ಹೇಳಬೇಕು. ವಿಶ್ವಸಂಸ್ಥೆಯ ಸಭೆಗೆ ಆ ಸಲ ದೊಡ್ಡ ದೊಡ್ಡವರು ತಾವೇ ಬಂದರು. ರಷ್ಯಾದ ಮುಖಂಡರು ಹಡಗಿನಲ್ಲಿ ಬಂದರು. ಕ್ಯೂಬಾದ ಗಡ್ಡದ ನಾಯಕರು ಬಂದು, ಇಳಿದ ಹೋಟೆಲಿನವರ ಮೇಲೆ ಮುನಿಸಿಕೊಂಡು ಬೇರೆ ಹೋಟೆಲಿಗೆ ನಡೆದರು. ನಮ್ಮ ಪ್ರಧಾನಿಗಳೂ ಹೋದರು. ಆಫ್ರಿಕಾದ ಹೊಸ ಹೊಸ ದೇಶಗಳಿಗೆ ಆಗ ತಾನೇ ಕುರ್ಚಿ ಹಾಕಿದ್ದರು. ಸಾಲದ್ದಕ್ಕೆ ಅಮೆರಿಕದಲ್ಲೇ ಅಧ್ಯಕ್ಷರ ಚುನಾವಣೆ. ಇದಿಷ್ಟೂ ನಮ್ಮ ನವರಾತ್ರಿಯ ವಾರಕ್ಕೇ ಸರಿಯಾಗಿ ಬಿತ್ತು. "ನಾವು ಮೆಟ್ಟಿಲ ಮೇಲೆ ಗೊಂಬೆ ಕೂರಿಸ್ತೀವಿ, ಅವರೂ ಕೂರಿಸಿದಾರೆ," ಎಂದಳು ಅತ್ತೆ.

ನಮ್ಮ ಮನೆಯ ಮೆಟ್ಟಿಲು ಅಂದರೆ ಮನೆಯಲ್ಲಿದ್ದ ಟ್ರಂಕುಗಳೇ. ಒಂದರ ಮೇಲೊಂದಿಟ್ಟು ಮೇಲೆ ಅಪ್ಪನ ಬಿಳಿ ಪಂಚೆ ಹಾಸಿದರೆ ಮುಗಿಯಿತು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಅಮ್ಮನ ತವರಿನಿಂದ ಬಂದ ಮರದ ರಾಜ-ರಾಣಿ. ಅದರ ಕೆಳಗೆ ದೇವರುಗಳು. ಕೆಳಗಿಳಿದಂತೆ ಶೆಟ್ಟಿ ದಂಪತಿ, ಪೊಲೀಸರು, ತಲೆಯಾಡಿಸುವ ಮುದುಕ, ಚನ್ನಪಟ್ಟಣದ ಕುದುರೆ. ರೇಡಿಯೋ ಪಕ್ಕದಲ್ಲೇ ಸ್ಟೂಲಿನ ಮೇಲೆ, ತಲೆಗೊಂದು ಕ್ರೋಷಾ ಬಟ್ಟೆ ಹೊದ್ದು ಕೂತಿತ್ತು.

ಸಂಜೆ ಮುತ್ತೈದೆಯರು ಬರುವ ಹೊತ್ತಿಗೆ ಅತ್ತೆ ಒಳಕೋಣೆಗೆ ಹೋಗುತ್ತಿದ್ದಳು. ಹೋಗು ಎಂದು ಯಾರೂ ಹೇಳಿದವರಿಲ್ಲ. ಹೋಗಬೇಡ ಎಂದೂ ಯಾರೂ ಹೇಳಿದವರಿಲ್ಲ. ಬಾಗಿಲು ಅರ್ಧ ಮುಚ್ಚಿಕೊಂಡು, ಹೊರಗಿನ ವಾರ್ತೆಗೆ ಕಿವಿ ಕೊಟ್ಟು ಕೂರುತ್ತಿದ್ದಳು. ನನಗೆ ಆ ಅರ್ಧ ಬಾಗಿಲನ್ನು ಕಂಡರೆ ಮೈ ಉರಿಯುತ್ತಿತ್ತು.

ಮೊದಲ ದಿನವೋ ಎರಡನೆಯ ದಿನವೋ, ನಡುಮನೆ ತುಂಬ ಹೆಂಗಸರಿದ್ದಾಗ ರೇಡಿಯೋದಲ್ಲಿ ಕನ್ನಡ ವಾರ್ತೆ ನಡೆಯುತ್ತಿತ್ತು. ಕಾಂಗೋದ ಸುದ್ದಿ ಅರ್ಧಕ್ಕೆ ಬಂದಿತ್ತು, ಕರೆಂಟು ಹೋಯಿತು. ರೇಡಿಯೋ ಗಪ್‌ಚಿಪ್. ಅಮ್ಮ ದೀಪ ಹುಡುಕುತ್ತಿದ್ದಳು. ಆಗ ಒಳಕೋಣೆಯಿಂದ, ವಾರ್ತೆ ಓದುವವರ ಅದೇ ಗಂಭೀರ ದನಿಯಲ್ಲಿ, ಸುದ್ದಿ ಮುಂದುವರಿಯಿತು:

"ಕಾಂಗೋದಲ್ಲಿ ಅಧ್ಯಕ್ಷರು ಪ್ರಧಾನಿಯನ್ನು ವಜಾ ಮಾಡಿದ್ದಾರೆ. ಪ್ರಧಾನಿಯವರು ಅಧ್ಯಕ್ಷರನ್ನು ವಜಾ ಮಾಡಿದ್ದಾರೆ. ದಂಡಿನ ಅಧಿಕಾರಿ ಇಬ್ಬರನ್ನೂ ವಜಾ ಮಾಡಿದ್ದಾರೆ. ದೇಶದಲ್ಲಿ ಈಗ ವಜಾ ಆಗದೆ ಉಳಿದಿರುವವರು ಅಡುಗೆಯವರು ಮಾತ್ರ. ಊಟ ಎಂದಿನಂತೆ ನಡೆಯಲಿದೆ."

ಕತ್ತಲಲ್ಲಿ ಮೂಲೆಯಿಂದ ಒಬ್ಬರು ಕಿಸಕ್ಕೆಂದರು. ಅವರು ವೆಂಕಮ್ಮನವರು, ನಮ್ಮ ಬೀದಿಗೆಲ್ಲ ಹಿರಿಯ ಮುತ್ತೈದೆ, ಎದುರುಮನೆ ಅಮಲ್ದಾರರ ಹೆಂಡತಿ. ಅವರೇ ನಕ್ಕ ಮೇಲೆ ಉಳಿದವರಿಗೆ ಅಪ್ಪಣೆ ಸಿಕ್ಕಂತಾಯಿತು, ಇಡೀ ನಡುಮನೆಯೇ ನಕ್ಕಿತು.

ನಿವೃತ್ತ ಅಮಲ್ದಾರರು ಮಾತ್ರ ಹೊರಗೆ ಜಗಲಿಯಲ್ಲಿ ಕೂತಿದ್ದರು. ದಿನವೂ ವಾರ್ತೆ ಕೇಳಲು ಹೆಂಡತಿಯ ಜೊತೆ ಬಂದು ಕಿಟಕಿಯ ಪಕ್ಕ ಕೂರುವುದು ಅವರ ಕ್ರಮ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ದೀಪ ಹೋದದ್ದು ಅವರಿಗೆ ತಿಳಿಯಲಿಲ್ಲ. ಆಮೇಲೆ ಯಾರೋ ಕರೆಂಟಿಲ್ಲ ಎಂದು ಹೇಳಿದಾಗ ಎದ್ದು ಕಿಟಕಿಯ ಸರಳು ಹಿಡಿದು ಅಮ್ಮನನ್ನು ಕೇಳಿದರು, "ಏನಮ್ಮಾ ಇದು, ಕರೆಂಟು ಹೋದ್ರೂ ನಿಮ್ಮ ರೇಡಿಯೋ ನಡೆಯತ್ತಲ್ಲ! ಎಲ್ಲಿ ತಗೊಂಡ್ರಿ?"

ಅಮ್ಮ ಏನು ಹೇಳಿಯಾಳು? "ಇವರೇ ತಂದ್ರು," ಎಂದಳು.

"ಭೇಷ್! ಸುದ್ದೀನೂ ಎಷ್ಟು ನೇರವಾಗಿ ಹೇಳ್ತಾರೆ! ಯಾವ ಸ್ಟೇಷನ್ನು?"

"ಹೊಸಾದು," ಎಂದಳು ಅಮ್ಮ. ಸುಳ್ಳಲ್ಲ.

ವೆಂಕಮ್ಮನವರು ಗಂಡನಿಗೆ ನಿಜ ಹೇಳುತ್ತಾರೆಂದು ನಾವೆಲ್ಲ ಕಾದೆವು. ಹೇಳಲಿಲ್ಲ. "ಮನೇಲಿ ಎಲ್ಲಾ ತಿಳಿದೋರು ಅವರೇ. ಇದೊಂದು ತಿಳೀದೆ ಇರ್ಲಿ ಬಿಡು," ಎಂದು ಅಮ್ಮನ ಕಿವಿಯಲ್ಲಿ ಹೇಳಿ, ಒಳಕೋಣೆಯ ಕಡೆಗೆ ತಿರುಗಿ ಸ್ವಲ್ಪ ದನಿ ಏರಿಸಿ, "ನಾಳೆ ಎಷ್ಟು ಹೊತ್ತಿಗೆ ವಾರ್ತೆ?" ಎಂದರು. ಒಳಗಿನಿಂದ ಉತ್ತರ ಬಂತು: "ಮಂಗಳಾರತಿ ಆದ್ಮೇಲೆ."

ಅಲ್ಲಿಂದ ಶುರುವಾಯಿತು. ಸರ್ಕಾರಿ ವಾರ್ತೆ ಮುಗಿದ ಮೇಲೆ ಅಮ್ಮ ಆರತಿ ಎತ್ತುವಳು, ಕಡಲೆಕಾಳಿನ ಉಸುಲಿ ಕೈ ಸೇರುವುದು, ಆಮೇಲೆ ಅತ್ತೆಯ ವಾರ್ತೆ. ಮೂರನೇ ದಿನಕ್ಕೆ ನಾನೂ ಸೇರಿಕೊಂಡೆ. ಮೆಟ್ಟಿಲ ಪಕ್ಕ ಕೂತು ಅತ್ತೆ ಹೇಳಿದ ಹಾಗೆ ಗೊಂಬೆಗಳನ್ನು ಸರಿಸುವುದು ನನ್ನ ಕೆಲಸ. ತಲೆಯಾಡಿಸುವ ಮುದುಕ ಇಂಗ್ಲೆಂಡು, ಎಲ್ಲದಕ್ಕೂ ಹೌದು ಹೌದು. ಅಂಗಡಿ ಹರಡಿಕೊಂಡು ಕೂತ ಶೆಟ್ಟಿ ಅಮೆರಿಕ. ಗಡ್ಡದ ಋಷಿಯೊಬ್ಬರಿದ್ದರು, ಅವರನ್ನು ಕ್ಯೂಬಾ ಮಾಡಿದೆವು. ಅಮ್ಮ ಮೊದಲು ಬೇಡವೆಂದಳು, ಆಮೇಲೆ ಅವಳೇ ಅವರಿಗೊಂದು ಬೆಂಕಿಕಡ್ಡಿ ಚುರುಟು ಮಾಡಿಕೊಟ್ಟಳು.

ಒಂದು ತೊಡಕಿತ್ತು. ಪಟ್ಟದ ಗೊಂಬೆಗಳನ್ನು ಕೂರಿಸಿದ ಮೇಲೆ ವಿಜಯದಶಮಿಯವರೆಗೆ ಕದಲಿಸಬಾರದು. ಕೆಳಗಿನವರನ್ನು ಎಲ್ಲಿಗೆ ಬೇಕಾದರೂ ಎತ್ತಿಡಬಹುದು. ನಾನಿದನ್ನು ಅತ್ತೆಗೆ ಹೇಳಿದಾಗ ಒಳಗೆ ಗಟ್ಟಿಯಾಗಿ ನಕ್ಕಳು. ಅವತ್ತಿನ ವಾರ್ತೆಯಲ್ಲಿ ಅದೇ ಮೊದಲು ಬಂತು: "ಭದ್ರತಾ ಮಂಡಳಿಯ ಕಾಯಂ ಸದಸ್ಯರು ಕೂತಲ್ಲಿಂದ ಅಲುಗಾಡತಕ್ಕದ್ದಲ್ಲವೆಂದು ನಿಯಮವಿದೆ. ಜಾಗ ಸಾಲದಿದ್ದಲ್ಲಿ ಕೆಳಗಿನ ಮೆಟ್ಟಿಲಿನವರು ಒತ್ತಿಕೊಂಡು ಕೂರಬೇಕಾಗಿ ವಿನಂತಿ."

ಕ್ಯೂಬಾದ ನಾಯಕರು ಗಂಟೆಗಟ್ಟಲೆ ಮಾತನಾಡಿದ ಸುದ್ದಿ ಬಂದ ದಿನ, "ನಮ್ಮ ಹರಿಕಥೆ ದಾಸರು ಇದನ್ನು ಕೇಳಿ ಮಧ್ಯೆ ಹಾಲು ಕುಡಿಯುವುದನ್ನು ಬಿಟ್ಟಿದ್ದಾರೆ" ಎಂದಳು. ಅಮೆರಿಕದ ಇಬ್ಬರು ಅಭ್ಯರ್ಥಿಗಳು ಟೆಲಿವಿಷನ್ನಿನಲ್ಲಿ ಎದುರುಬದುರಾದರು. ಟೆಲಿವಿಷನ್ ಹೇಗಿರುತ್ತದೆಂದು ನಮ್ಮ ಬೀದಿಯಲ್ಲಿ ಕಂಡವರಿಲ್ಲ. ಅತ್ತೆ ಬಿಡಿಸಿ ಹೇಳಿದಳು: "ಒಂದು ಹೆಣ್ಣಿಗೆ ಇಬ್ಬರು ವರರು ಬಂದಿದ್ದಾರೆ. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಇಡೀ ಊರು ಕಿಟಕಿಯಿಂದ ನೋಡಿದೆ. ಒಬ್ಬರು ಓದಿದವರು, ಆದರೆ ಜ್ವರದಿಂದೆದ್ದು ಗಡ್ಡ ಹೆರೆಯದೆ ಬಂದಂತಿದ್ದರು. ಇನ್ನೊಬ್ಬರು ಎಣ್ಣೆ ಸ್ನಾನ ಮಾಡಿ ಬಂದಿದ್ದರು. ಹೆಣ್ಣಿನ ಕಡೆಯವರು ಏನು ಕೇಳಿದರೋ ಮರೆತಿದ್ದಾರೆ, ಏನು ನೋಡಿದರೋ ಅದನ್ನು ಮರೆತಿಲ್ಲ." ಇವತ್ತು ಫೋನಿನಲ್ಲಿ ಕೂತು ಓದುವವನು ಇಷ್ಟನ್ನು ಹೇಳಲು ಅರ್ಧ ಗಂಟೆ ತೆಗೆದುಕೊಳ್ಳುತ್ತಾನೆ.

ಬರುವವರು ಹೆಚ್ಚಾದರು. ಬಸವನಗುಡಿಯಿಂದ ಅಮ್ಮನ ಗೆಳತಿಯರು ಬಂದರು. ಹಾಲು ಕೊಡುತ್ತಿದ್ದ ಯಡಿಯೂರಿನ ರಂಗಮ್ಮ ಚೊಂಬು ಪಕ್ಕಕ್ಕಿಟ್ಟು ಬಾಗಿಲಲ್ಲೇ ಕೂತು, "ಆ ರಸ್ಯಾದೋನ ಕತೆ ಏನಾಯ್ತವ್ವ?" ಎಂದು ಕೇಳುವಳು. ಅಪ್ಪ ಕಚೇರಿಯಿಂದ ಬೇಗ ಬರತೊಡಗಿದರು. ಬಂದು, ಏನೂ ಕೇಳಿಸದವರಂತೆ ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದರು. ಅಮಲ್ದಾರರು ಪ್ರತಿ ಸಂಜೆ ಜಗಲಿಯಿಂದ ಕಡೆಯ ಮಾತು ಹೇಳುವರು: "ಇಂಥ ಸ್ಟೇಷನ್ನು ಸರ್ಕಾರ ಬಹಳ ದಿನ ಬಿಡಲ್ಲ, ನೋಡ್ತಿರಿ."

ಆ ಮಾತಿಗೆ ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ವಿಜಯದಶಮಿ ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ ತಡೆಯದೆ ಕೇಳಿಬಿಟ್ಟೆ: "ಅತ್ತೆ, ನೀನು ಹೋಗಲ್ಲ ಅಂತ ಯಾಕೆ ಹೇಳಲ್ಲ?"

"ಯಾರಿಗೆ ಹೇಳ್ಲಿ?"

"ಅಪ್ಪಂಗೆ."

"ನಿಮ್ಮಪ್ಪಂಗೆ ಹೇಳಿದ್ರೆ ಅವನು ಆಯ್ತಮ್ಮ ಅಂತಾನೆ. ಭಾವನವರು ಬಂದು ಕೇಳಿದ್ರೆ ಅವರಿಗೂ ಆಯ್ತು ಅಂತಾನೆ." ಅವಳು ಪತ್ರಿಕೆ ಮಡಿಸಿಟ್ಟಳು. "ಹೋಗಿ ಅಡುಗೆ ಮಾಡೋದು ನಂಗೇನು ಕಷ್ಟ ಅಲ್ಲ ಕಣೇ ಸುಮಿ. ಇಲ್ಲೂ ಮಾಡ್ತೀನಿ. ಆದ್ರೆ ಅಲ್ಲಿಗೆ ಹೋದ್ರೆ ನಾನು ಏನು ಯೋಚನೆ ಮಾಡ್ತೀನಿ ಅಂತ ಯಾರೂ ಕೇಳಲ್ಲ. ಈ ನಾಲ್ಕಾರು ದಿನದಲ್ಲಿ ಕೇಳಿದಾರೆ. ಕೇಳಿಸ್ಕೊಂಡು ಅಭ್ಯಾಸ ಆಗೋಯ್ತು, ಅದೇ ಕಷ್ಟ."

ಅವಳು ಅಳಲಿಲ್ಲ. ಅತ್ತದ್ದು ನಾನು.

ಆಯುಧಪೂಜೆಯ ದಿನ ಶ್ರೀಕಂಠಯ್ಯನವರು ಒಂದು ಮೂಟೆ ತೆಂಗಿನಕಾಯಿಯೊಂದಿಗೆ ಬಂದಿಳಿದರು. ಕೆಟ್ಟವರಲ್ಲ. ಬಂದವರೇ ನನಗೊಂದು ರಿಬ್ಬನ್ನು ಕೊಟ್ಟರು, ಹೆಂಡತಿಯ ಉಬ್ಬಸದ ಬಗ್ಗೆ ಹೇಳುವಾಗ ಅವರ ದನಿ ಇಳಿಯಿತು. "ಸಾಮಾನೆಲ್ಲ ಕಟ್ಟಿದ್ದಾಯ್ತಾ?" ಎಂದು ಕೇಳಿದರು.

"ಅವಳ ಟ್ರಂಕು ಗೊಂಬೆ ಕೆಳಗಿದೆ. ಗೊಂಬೆ ಇಳಿಯೋವರೆಗೂ ತೆಗೆಯೋ ಹಾಗಿಲ್ಲ," ಎಂದಳು ಅಮ್ಮ. ಅಷ್ಟಾದರೂ ಎದುರು ಮಾತಾಡಿದಳಲ್ಲ ಎಂದು ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು. ಆ ಸಂಜೆ ಅತ್ತೆಗೆ ತಲೆನೋವು ಎಂದು ವಾರ್ತೆ ಇರಲಿಲ್ಲ. ಬಂದವರೆಲ್ಲ ಉಸುಲಿ ತಿಂದು ಪೆಚ್ಚುಮೋರೆಯಲ್ಲಿ ಹೋದರು.

ಮರುದಿನ ವಿಜಯದಶಮಿ. ಮಧ್ಯಾಹ್ನದಿಂದಲೇ ಮಳೆ. ಜಗಲಿಗೆ ಇರಚಲು ಹೊಡೆಯುತ್ತಿದ್ದುದರಿಂದ ಅಮಲ್ದಾರರನ್ನು ಒಳಗೆ ಕರೆದು ಶ್ರೀಕಂಠಯ್ಯನವರ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆವು. ಕಡೆಯ ದಿನವೆಂದು ಹೆಂಗಸರೆಲ್ಲ ಬಂದಿದ್ದರು, ಚಾಪೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಅಪ್ಪ ಅವತ್ತು ಅಡುಗೆಮನೆ ಬಿಟ್ಟು ನಡುಮನೆಯ ಗೋಡೆಗೆ ಒರಗಿ ನಿಂತರು. ಆರತಿಯಾಯಿತು. ವಾರ್ತೆ ಇದೆಯೋ ಇಲ್ಲವೋ ಎಂದು ಎಲ್ಲರೂ ಒಳಕೋಣೆಯತ್ತ ಕಣ್ಣಿಟ್ಟಿದ್ದರು.

ದನಿ ಬಂತು. ಮೊದಲು ರಷ್ಯಾ. ಅಲ್ಲಿನ ಮುಖಂಡರು ಇಂಗ್ಲೆಂಡಿನ ಪ್ರಧಾನಿಗಳ ಭಾಷಣದ ನಡುವೆ ಮೇಜು ಗುದ್ದಿದ್ದರು. "ಇಂಗ್ಲೆಂಡಿನವರು ಅದನ್ನು ಅನುವಾದ ಮಾಡಿಕೊಡಬೇಕೆಂದು ಕೇಳಿದ್ದಾರೆ. ಅನುವಾದಕರೂ ಮೇಜು ಗುದ್ದಿ ತೋರಿಸಿದ್ದಾರೆ." ಶ್ರೀಕಂಠಯ್ಯನವರು ಹೊಟ್ಟೆ ಕುಲುಕಿಸಿ ನಕ್ಕರು. "ಯಾರಿದು? ಬಹಳ ಚೆನ್ನಾಗಿ ಓದ್ತಾರೆ!" ಎಂದು ಪಕ್ಕದವರನ್ನು ಕೇಳಿದರು. ಅಮಲ್ದಾರರು ಅಭಿಮಾನದಿಂದ, "ಹೊಸ ಸ್ಟೇಷನ್ನು. ಕರೆಂಟೇ ಬೇಡ," ಎಂದರು.

ಶ್ರೀಕಂಠಯ್ಯನವರು ತಿರುಗಿ ಒಳಕೋಣೆಯ ಬಾಗಿಲನ್ನು ನೋಡಿದರು. ಅವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು.

"ಈಗ ಒಂದು ಪುಟ್ಟ ದೇಶದ ಸುದ್ದಿ," ಎಂದಳು ಅತ್ತೆ. "ಈ ದೇಶದ ವಿಸ್ತೀರ್ಣ ಒಂದು ಚಾಪೆ, ಆಸ್ತಿ ಒಂದು ಟ್ರಂಕು, ಒಂದು ಕನ್ನಡಕ. ಇದರ ಯೋಗಕ್ಷೇಮದ ವಿಷಯವಾಗಿ ಎರಡು ದೊಡ್ಡ ರಾಷ್ಟ್ರಗಳು ಕಾಫಿ ಕುಡಿಯುತ್ತಾ ಮಾತುಕತೆ ನಡೆಸಿವೆ. ಒಂದು ರಾಷ್ಟ್ರ, ನಾವು ಸಾಕಿದೆವು ಎಂದಿದೆ. ಇನ್ನೊಂದು, ನ್ಯಾಯವಾಗಿ ಇದು ನಮಗೆ ಸೇರಿದ್ದು ಎಂದಿದೆ. ಎರಡೂ ಒಳ್ಳೆಯ ರಾಷ್ಟ್ರಗಳೇ. ಒಪ್ಪಂದ ಸೌಹಾರ್ದದಿಂದ ಆಗಿದೆ. ಸಭೆಗೆ ಪುಟ್ಟ ದೇಶವನ್ನು ಕರೆಯುವುದೊಂದು ಮರೆತುಹೋಗಿದೆ."

ಇದನ್ನು ಅವಳು ನನಗೆ ಮೊದಲೇ ಹೇಳಿರಲಿಲ್ಲ. ಯಾವ ಗೊಂಬೆ ಎತ್ತಬೇಕೆಂದು ತಿಳಿಯದೆ ನನ್ನ ಕೈ ಶೆಟ್ಟಿಯ ತಲೆಯ ಮೇಲೇ ನಿಂತುಬಿಟ್ಟಿತು. ಯಾರೂ ನಗಲಿಲ್ಲ.

"ಯಾವ ದೇಶ ಸ್ವಾಮಿ ಅದು, ಕಾಂಗೋನಾ?" ಎಂದರು ಅಮಲ್ದಾರರು.

ಅರ್ಧ ಬಾಗಿಲು ಪೂರ್ತಿ ತೆರೆಯಿತು. ಅತ್ತೆ ಹೊರಗೆ ಬಂದಳು. ನೀಲಿ ಹತ್ತಿ ಸೀರೆ, ಬರಿ ಹಣೆ, ಕನ್ನಡಕ. ನವರಾತ್ರಿಯ ಸಂಜೆ, ಮುತ್ತೈದೆಯರ ನಡುವೆ, ದೀಪದ ಬೆಳಕಿನಲ್ಲಿ ಅವಳನ್ನು ನಾನು ಕಂಡದ್ದು ಅದೇ ಮೊದಲು. ಗೊಂಬೆಗಳ ಮುಂದೆ ಬಂದು ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಓದುವ ದನಿಯಲ್ಲೇ ಮುಂದುವರಿಸಿದಳು:

"ಕರೆಯದಿದ್ದರೂ ಪುಟ್ಟ ದೇಶ ಸಭೆಗೆ ಬಂದಿದೆ." ಆಮೇಲೆ ಆ ದನಿಯನ್ನು ಬಿಟ್ಟಳು. "ಭಾವ, ನಾನು ತಿಪಟೂರಿಗೆ ಬರಲ್ಲ. ಅಕ್ಕಂಗೆ ಉಸಿರಾಟ ಕಷ್ಟ ಅಂತ ನಂಗೊತ್ತು. ಅವರನ್ನ ಇಲ್ಲಿಗೆ ಕರ್ಕೊಂಡು ಬನ್ನಿ, ದೊಡ್ಡಾಸ್ಪತ್ರೇಲಿ ತೋರಿಸೋಣ, ವಾಸಿ ಆಗೋವರೆಗೂ ನಾನೇ ನೋಡ್ಕೋತೀನಿ. ಆದ್ರೆ ಅಡುಗೆಗೆ ಅಂತ ನನ್ನ ಕರ್ಕೊಂಡು ಹೋಗ್ಬೇಡಿ. ನಂಗೆ ಇಲ್ಲಿರಬೇಕು."

"ಇದೇನಿದು, ರೇಡಿಯೋ ಹತ್ತಿರ ಬಂತಲ್ಲ! ತಿಪಟೂರು ವಿಷ್ಯ ಯಾಕೆ ಬಂತು?" ಎಂದು ಅಮಲ್ದಾರರು ಕುರ್ಚಿಯಿಂದ ಅರ್ಧ ಎದ್ದರು.

"ಸುಮ್ನೆ ಕೂತ್ಕೊಳ್ಳಿ. ರೇಡಿಯೋ ಅಲ್ಲ, ನಮ್ಮ ರುಕ್ಮಿಣಿ," ಎಂದರು ವೆಂಕಮ್ಮನವರು.

"ಒಂಬತ್ತು ದಿನದಿಂದ?"

"ಒಂಬತ್ತು ದಿನದಿಂದ್ಲೂ."

ಅಮಲ್ದಾರರು ಕೂತರು. ಪೊರೆಗಣ್ಣನ್ನು ಉಜ್ಜಿಕೊಂಡು ಬಹಳ ಹೊತ್ತು ಅತ್ತೆ ನಿಂತಿದ್ದ ದಿಕ್ಕಿಗೆ ನೋಡಿ, "ಹಾಗಾದ್ರೆ ಇದು ಸರ್ಕಾರಿ ಸ್ಟೇಷನ್ನಿಗಿಂತ ವಾಸಿ," ಎಂದರು.

ಶ್ರೀಕಂಠಯ್ಯನವರ ಮುಖ ಕೆಂಪಗಾಗಿತ್ತು. ಅವರು ಅತ್ತೆಯನ್ನು ನೋಡಲಿಲ್ಲ, ಅಪ್ಪನನ್ನು ನೋಡಿದರು. "ಏನು ಸ್ವಾಮಿ ಇದು? ನಾಲ್ಕು ಜನರ ಎದುರು? ನೀವು ಮಾತು ಕೊಟ್ಟಿದ್ರಲ್ಲ."

ಎಲ್ಲರೂ ಅಪ್ಪನ ಕಡೆ ತಿರುಗಿದರು. ನಾನು ಕಣ್ಣು ಮುಚ್ಚಿಕೊಂಡೆ, ಯಾಕೆಂದರೆ ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಆಯ್ತು ಎನ್ನುತ್ತಾರೆ. ಇಬ್ಬರಿಗೂ ಆಯ್ತು ಎನ್ನುತ್ತಾರೆ.

ಅಪ್ಪ ಗೋಡೆ ಬಿಟ್ಟು ಮುಂದೆ ಬಂದರು. "ಕೊಟ್ಟಿದ್ದೆ. ಅವಳನ್ನ ಕೇಳದೆ ಕೊಟ್ಟಿದ್ದೆ, ತಪ್ಪಾಯ್ತು," ಎಂದರು. "ಇಲ್ಲ, ಶ್ರೀಕಂಠಯ್ಯನವರೇ. ರುಕ್ಕು ಬರಲ್ಲ."

ಅಪ್ಪ ಅಷ್ಟು ಚಿಕ್ಕ ವಾಕ್ಯ ಹೇಳಲು ಅಷ್ಟು ಬೆವೆತದ್ದನ್ನು ನಾನು ಮತ್ತೆ ನೋಡಲಿಲ್ಲ. ಅಮ್ಮ ಆರತಿ ತಟ್ಟೆ ಹಿಡಿದೇ ಕಣ್ಣೊರೆಸಿಕೊಂಡಳು. ವೆಂಕಮ್ಮನವರು ತಮ್ಮ ರೇಷ್ಮೆ ಸೀರೆಯನ್ನು ಎಳೆದುಕೊಂಡು ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿದರು. "ನಿಂತ್ಕೊಂಡು ಯಾಕಮ್ಮ ಓದ್ತೀಯ, ಕೂತ್ಕೋ ಇಲ್ಲಿ. ಆ ರಷ್ಯಾದವರು ಮೇಜು ಗುದ್ದಿದ ಮೇಲೆ ಏನಾಯ್ತು? ಅರ್ಧಕ್ಕೆ ಬಿಟ್ಟು ಹೋಗೋ ಹಾಗಿಲ್ಲ, ಮಳೇಲಿ ಬಂದಿದೀವಿ."

ಅತ್ತೆ ಕೂತಳು. ಉಳಿದ ಸುದ್ದಿ ಓದಿದಳು. ದನಿ ಮೊದಮೊದಲು ನಡುಗುತ್ತಿತ್ತು, ಆಫ್ರಿಕಾಕ್ಕೆ ಬರುವ ಹೊತ್ತಿಗೆ ಸರಿಹೋಯಿತು. ಶ್ರೀಕಂಠಯ್ಯನವರು ಎದ್ದುಹೋಗುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಹೋಗಲಿಲ್ಲ. ನಗಲೂ ಇಲ್ಲ. ಕಡೆಯವರೆಗೂ ಕೈಕಟ್ಟಿ ಕೂತು ಕೇಳಿದರು. ರಾತ್ರಿ ಊಟಕ್ಕೆ ಕರೆದಾಗ ಎಲೆಯ ಮುಂದೆ ಕೂತು, ಎರಡನೆಯ ಸಲ ಸಾರು ಹಾಕಿಸಿಕೊಂಡು, "ಯಾರ ಕೈ ಅಡುಗೆ?" ಎಂದು ಕೇಳಿದರು. ಅಮ್ಮ ತನ್ನದೇ ಎಂದಳು. "ಓಹೋ," ಎಂದರು, ಅಷ್ಟೇ.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಸೌತ್ ಎಂಡಿನ ಬಸ್ ನಿಲ್ದಾಣದವರೆಗೆ ಅವರನ್ನು ಬಿಡಲು ಅಪ್ಪ ಹೊರಟರು, ನಾನೂ ಹೊರಟೆ. ತಿರುಗಿ ನೋಡಿದರೆ ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದಳು. ದಾರಿಯುದ್ದಕ್ಕೂ ಕೆಸರು ನೋಡಿಕೊಂಡು ನಡೆಯುವುದೇ ಕೆಲಸವಾಗಿತ್ತು. ಬಸ್ಸು ದೂರದಲ್ಲಿ ಕಂಡಾಗ ಶ್ರೀಕಂಠಯ್ಯನವರು ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡು, ಅಪ್ಪನಿಗಲ್ಲ, ನೇರ ಅತ್ತೆಗೇ ಹೇಳಿದರು:

"ಮುಂದಿನ ತಿಂಗಳು ಅವಳನ್ನ ಕರ್ಕೊಂಡು ಬರ್ತೀನಮ್ಮ, ಆಸ್ಪತ್ರೆಗೆ."

"ಕರ್ಕೊಂಡು ಬನ್ನಿ ಭಾವ."

"ಇವತ್ತಿನ ವಾರ್ತೇಲಿ ಏನು ಓದ್ತೀಯ? ತಿಪಟೂರಿನವರು ಸಭಾತ್ಯಾಗ ಮಾಡಿ ಹೋದ್ರು ಅಂತ ತಾನೆ?" ಎಂದರು.

"ಇಲ್ಲ ಭಾವ," ಎಂದಳು ಅತ್ತೆ. "ತಿಪಟೂರು ಪರವಾಗಿ ಮತ ಹಾಕಿತು ಅಂತ ಓದ್ತೀನಿ."

ಅವರು ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಬಸ್ಸು ಹೊರಟ ಮೇಲೆ ತಲೆ ಹೊರಗೆ ಹಾಕಿ ಕೂಗಿದರು: "ಹಾಗೇ ಓದು!"

ಆ ಸಂಜೆ ಹಬ್ಬ ಮುಗಿದಿತ್ತು, ಕರೆಯದಿದ್ದರೂ ಎಲ್ಲರೂ ಬಂದರು. ಅತ್ತೆ ನಡುಮನೆಯ ಮಧ್ಯೆ ಚಾಪೆಯ ಮೇಲೆ ಕೂತು, ಎಲ್ಲರ ಮುಖ ನೋಡಿಕೊಂಡು, ಮೊದಲ ಸುದ್ದಿಯಾಗಿ ಅದನ್ನೇ ಓದಿದಳು.